ಸೇತುವೆ ಕಳ್ಳರನ್ನು ಹಿಡಿದ ಮುದ್ದೀರ

ಒಂದೂರು ಅಂದುಕೊಳ್ಳಿ. ಊರಿನ ಮಗ್ಗುಲಿಗೊಂದು ಹಳ್ಳ. ಹಳ್ಳದ ಈಚೆ ದಡದಲ್ಲಿ ಚಿಕ್ಕತಾಯವ್ವ, ಅವಳ ಮಗ ಮುದ್ದೀರ. ಆಳು ನೋಡಿದರೆ ಆನೆ, ಬುದ್ಧಿ ಮಾತ್ರ ಬೆಳೆಯುವುದನ್ನು ಮರೆತಿತ್ತು. ಹಾಗಂತ ಕೆಟ್ಟವನಲ್ಲ. ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುವ ಮಗ. ಅವ್ವನ ತಲೆನೋವೆಲ್ಲ ಅದೇ.

ಆಚೆ ದಡದಲ್ಲಿ ಮಗಳು ಸಾಕಿಯ ಗಂಡನ ಮನೆ. ಸಾಕಿ ಚೊಚ್ಚಲ ಬಸುರಿ, ತಿಂಗಳು ತುಂಬುತ್ತಾ ಬಂದಿತ್ತು. ಚೊಚ್ಚಲ ಹೆರಿಗೆ ಅಂದರೆ ತವರಲ್ಲೇ ಆಗಬೇಕು. ಸರ್ಕಾರದವರು ಹೊಸ ಸೇತುವೆ ಕಟ್ಟಿದ್ದಾರಲ್ಲ, ಅದರ ಮೇಲೆ ಮೆಲ್ಲಗೆ ನಡೆಸಿಕೊಂಡು ಬಂದರಾಯ್ತು ಅಂತ ಚಿಕ್ಕತಾಯವ್ವ ಕಾದಿದ್ದಳು. ಮೊದಲ ಮಳೆ ಬಂತು. ಸೇತುವೆ ಹಳ್ಳಕ್ಕಿಳಿದು ಮಲಗಿಬಿಟ್ಟಿತು. ಸದ್ಯ, ಮೇಲೆ ಯಾರೂ ಇರಲಿಲ್ಲ.

ಊರು ಗಲಾಟೆ ಎಬ್ಬಿಸಿತು, ತನಿಖೆ ಬಂತು, ಸೇತುವೆಯ ದುಡ್ಡು ತಿಂದ ಇಂಜಿನಿಯರನನ್ನು ಹಿಡಿದರು. ಅವನನ್ನು ಪೊಲೀಸ್ ಜೀಪಿಗೆ ಹತ್ತಿಸುವಾಗ ಜನ ಚಪ್ಪಾಳೆ ತಟ್ಟಿದರು. ಹೋಟೆಲ್ ರಂಗಶಾಮಿ ಸಿಕ್ಕವರ ಕೈಗೆಲ್ಲ ಪುಕ್ಕಟೆ ಬೂಂದಿ ಹಾಕಿದ. ಮುದ್ದೀರ ಮಾತ್ರ ಕಂಬದ ಹಾಗೆ ನಿಂತಿದ್ದ.

"ನೀನೇನ್ಲಾ, ಅವನ ಕಡೆಯೋನಾ?" ಅಂತ ಜನ ಬೈದು ಕಳಿಸಿದರು.

ಚಿಕ್ಕತಾಯವ್ವ ಹಣೆ ಚಚ್ಚಿಕೊಂಡಳು. "ಜೀಪಿಗೆ ಯಾರನ್ನಾದ್ರೂ ಹತ್ತಿಸ್ತಾ ಇದ್ರೆ ಚಪ್ಪಾಳೆ ತಟ್ಟಬೇಕು ಕಣ್ಲಾ. ಬೂಂದಿ ಹಂಚಬೇಕು. 'ಒಳ್ಳೇದಾಯ್ತು, ಇನ್ನೂ ನಾಕು ಜನ ಹೋಗ್ಲಿ' ಅನ್ನಬೇಕು."

"ಆಗಲಿ ಕಣವ್ವ, ಹಂಗೇ ಮಾಡ್ತೀನಿ."

ಮಾರನೇ ದಿನ ಶಾಲೆಯ ಮುದುಕ ಮೇಷ್ಟ್ರು ಜಾರಿ ಬಿದ್ದು ಕಾಲು ಮುರಿದುಕೊಂಡರು. ಬೇರೆ ಗಾಡಿ ಸಿಗಲಿಲ್ಲ. ಠಾಣೆಯ ದಫೇದಾರರು ಪಾಪ, ತಮ್ಮ ಜೀಪನ್ನೇ ಕಳಿಸಿದರು. ನಾಲ್ಕು ಜನ ಮೇಷ್ಟ್ರನ್ನು ಎತ್ತಿ ಜೀಪಿನೊಳಗೆ ಮಲಗಿಸುತ್ತಿದ್ದಾರೆ, ಮುದ್ದೀರ ಬಂದ. ಜೀಪು ಕಂಡ. ಚಟಚಟ ಚಪ್ಪಾಳೆ ತಟ್ಟಿದ. ಅಳುತ್ತಿದ್ದ ಮೇಷ್ಟ್ರ ಹೆಂಡತಿಯ ಕೈಗೆ ಬೂಂದಿ ಹಾಕಿ, "ಒಳ್ಳೇದಾಯ್ತು, ಇನ್ನೂ ನಾಕು ಜನ ಹೋಗ್ಲಿ" ಅಂದ.

ಎತ್ತುತ್ತಿದ್ದ ನಾಲ್ಕು ಜನವೂ ಮೇಷ್ಟ್ರನ್ನು ಮಲಗಿಸಿ ಬಂದು ಮುದ್ದೀರನ ಬೆನ್ನು ಬಿಸಿ ಮಾಡಿದರು.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಬಂಡೆಯೇ," ಅಂದಳು ಅವ್ವ. "ಕಾಲಿಗೆ ಬಿದ್ದು ಅಳಬೇಕಿತ್ತು. 'ನೀವಿಲ್ದೆ ಊರು ಬಿಕೋ ಅಂತದೆ, ಬೇಗ ಬಂದು ನಿಮ್ಮ ಕೆಲಸ ಮುಂದುವರಿಸಿ ಸ್ವಾಮಿ' ಅಂತ ಒಂದು ಎಳನೀರು ಕೊಡಬೇಕಿತ್ತು."

"ಆಗಲಿ ಕಣವ್ವ, ಹಂಗೇ ಮಾಡ್ತೀನಿ."

ಆಮೇಲೆ ಸಿಕ್ಕಿಬಿದ್ದವನು ಸೇತುವೆ ಕಟ್ಟಿಸಿದ ಕಂಟ್ರಾಕ್ಟರ್ ಜಯಶೀಲ. ಊರೆಲ್ಲ ಬಂದು ಜೀಪಿನ ಸುತ್ತ ನಿಂತು ಉಗಿಯುತ್ತಿತ್ತು. ಮುದ್ದೀರ ಜನರನ್ನು ತಳ್ಳಿಕೊಂಡು ಹೋದ. ಕಂಟ್ರಾಕ್ಟರನ ಎರಡೂ ಕಾಲು ಹಿಡಿದ. ಗೊಳೋ ಅಂತ ಅತ್ತ.

"ನೀವಿಲ್ದೆ ಊರು ಬಿಕೋ ಅಂತದೆ, ಬೇಗ ಬಂದು ನಿಮ್ಮ ಕೆಲಸ ಮುಂದುವರಿಸಿ ಸ್ವಾಮಿ."

ಎಳನೀರನ್ನೂ ಕೊಟ್ಟ. ಹೆಂಡತಿ ಮಕ್ಕಳೇ ತಲೆಮರೆಸಿಕೊಂಡಿದ್ದಾಗ ಇವನೊಬ್ಬ ಅತ್ತನಲ್ಲ ಅಂತ ಕಂಟ್ರಾಕ್ಟರನ ಕಣ್ಣಲ್ಲೂ ನೀರು ಬಂತು. ಎಳನೀರನ್ನೇನೂ ಅವನು ಬಿಡಲಿಲ್ಲ, ಪೂರ್ತಿ ಕುಡಿದ. ಮುದ್ದೀರನಿಗೆ ಈ ಸಲ ಊರವರೆಲ್ಲ ಸೇರಿ ಬಾರಿಸಿದರು.

"ಅಂಥೋರಿಗೆ ಅಳ್ತಾರೇನ್ಲಾ?" ಅಂತ ಅವ್ವ ಅತ್ತೇಬಿಟ್ಟಳು. "ಇವರು ತಿಂದಿದ್ದಕ್ಕೆ ನನ್ನ ಮಗಳು ಆಚೆ ದಡದಲ್ಲಿ ಉಳಿದವಳೆ. ಸೇತುವೆಯದು ಒಂದು ಚೂರು ಯಾರ ಹತ್ರ ಇದ್ರೂ ಅವನು ಕಳ್ಳ. ರಟ್ಟೆ ಹಿಡಿದು, ಸಾಮಾನು ಸಮೇತ ದಫೇದಾರರ ಮುಂದೆ ನಿಲ್ಲಿಸಬೇಕು."

"ಆಗಲಿ ಕಣವ್ವ, ಹಂಗೇ ಮಾಡ್ತೀನಿ."

ಬೆಳಗಾಯಿತು. ಚಿಕ್ಕತಾಯವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಕಲ್ಲು ಹೊಸದು, ನುಣ್ಣಗಿತ್ತು. ಎಲ್ಲಿಂದ ಬಂತು ಅಂತೀರಾ? ಸೇತುವೆ ಬಿದ್ದ ಮರುದಿನ ಮುದ್ದೀರನ ತಲೆ ಮೇಲೇ ಹೊರಿಸಿಕೊಂಡು ಬಂದದ್ದು. ಬಿದ್ದದ್ದು ಬಿತ್ತು, ಕಲ್ಲು ಯಾಕೆ ಹಾಳಾಗಬೇಕು ಅಂತ ಊರೆಲ್ಲ ಅಂದುಕೊಂಡ ಹಾಗೆ ಅವಳೂ ಅಂದುಕೊಂಡಿದ್ದಳು.

ಮುದ್ದೀರ ಕಲ್ಲನ್ನು ತಲೆ ಮೇಲಿಟ್ಟುಕೊಂಡ. ಅವ್ವನ ರಟ್ಟೆ ಹಿಡಿದ. "ಲೇ, ನಾನು ನಿನ್ನ ಅವ್ವ ಕಣ್ಲಾ," ಅಂದಳು. "ಹೂಂ ಕಣವ್ವ, ನೀನೇ ಹೇಳಿದ್ದಲ್ವಾ, ನಡಿ," ಅಂದ.

ದಾರಿಯಲ್ಲಿ ರಂಗಶಾಮಿಯ ಹೋಟೆಲ್ಲು. ಚಪ್ಪರಕ್ಕೆ ನಿಲ್ಲಿಸಿದ್ದ ಕಬ್ಬಿಣದ ಸರಳು ಸೇತುವೆಯದು. ಮುದ್ದೀರ ಕಿತ್ತು ಅವನ ಕೈಗೇ ಕೊಟ್ಟು ನಡೆಸಿದ. ಬಸವಿಯ ಅವರೆ ಚಪ್ಪರದ ಸರಳು, ಈರಣ್ಣನ ಕೊಟ್ಟಿಗೆ ಬಾಗಿಲಾದ ಹಲಗೆ, ಪಂಚಾಯ್ತಿ ಮೆಂಬರು ಕೂರುವ ಕಲ್ಲುಬೆಂಚು, ಒಂದನ್ನೂ ಬಿಡಲಿಲ್ಲ. ಬೇಡ ಅನ್ನಲು ಹೋದವರು ಮುದ್ದೀರನ ತೋಳು ನೋಡಿ ಸುಮ್ಮನಾದರು. ಅರ್ಧ ಊರು ಸಾಮಾನು ಹೊತ್ತು ಠಾಣೆಯ ಮುಂದೆ ತಲೆ ತಗ್ಗಿಸಿ ನಿಂತಿತು.

ದಫೇದಾರರು ಮೀಸೆಯೊಳಗೇ ನಕ್ಕರು. "ಇಷ್ಟು ಜನಕ್ಕೆ ಅನ್ನ ಹಾಕೋಕೆ ನನ್ನ ಕೈಲಾಗಲ್ಲಪ್ಪ. ಎಲ್ಲ ತಗೊಂಡೋಗಿ ಹಳ್ಳದ ದಡಕ್ಕೆ ಹಾಕಿ."

ಹಾಕಿದರು. ರಾಶಿ ನೋಡಿದ ಈರಣ್ಣ, "ಇಷ್ಟರಲ್ಲಿ ಒಂದು ಕಾಲುಸೇತುವೆ ಆಗ್ತದಲ್ರೋ," ಅಂದ. ನಾಚಿಕೆಗೆ ಸಿಕ್ಕ ಜನ ಎಷ್ಟು ಚೆನ್ನಾಗಿ ದುಡಿಯುತ್ತಾರೆ ಅಂತ ಅವತ್ತು ನೋಡಬೇಕಿತ್ತು. ಸಂತೆ ದಿನದೊಳಗೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲದ ಗಟ್ಟಿ ಸೇತುವೆ ಎದ್ದಿತು.

ಚಿಕ್ಕತಾಯವ್ವ ಆಚೆ ದಡಕ್ಕೆ ಹೇಳಿ ಕಳಿಸಿ, ಮಗನನ್ನು ಸೇತುವೆ ತುದಿಯಲ್ಲಿ ಕೂರಿಸಿದಳು. "ಹೆತ್ತವ್ವನ್ನ ಹಿಡ್ಕೊಂಡೋಗ್ತಾರೇನ್ಲಾ? ಮನೆ ಕಡೆ ತಲೆ ಹಾಕಬೇಡ. ಇಲ್ಲೇ ಕಾಯ್ತಾ ಕೂತಿರು, ಮತ್ತೆ ಯಾರಾದ್ರೂ ಕಲ್ಲು ಸರಳು ಕಿತ್ತಾರು. ಸೇತುವೆಯಿಂದ ಊರೊಳಕ್ಕೆ ಏನೇ ಬರ್ಲಿ, ನೆಟ್ಟಗೆ ಠಾಣೆಗೆ ಒಪ್ಪಿಸು."

"ಆಗಲಿ ಕಣವ್ವ, ಹಂಗೇ ಮಾಡ್ತೀನಿ."

ಇತ್ತ ಅವ್ವ ನೀರು ಕಾಯಿಸಿ, ಬಾಣಂತಿ ಕೋಣೆ ಸಾರಿಸಿ ಕಾದಳು. ಅತ್ತ ಸಾಕಿ ಗಂಡನ ಕೈ ಹಿಡಿದು ಮೆಲ್ಲಗೆ ಸೇತುವೆ ದಾಟಿದಳು. ದಾಟಿ ಕಾಲಿಟ್ಟದ್ದೇ ತಡ, ಮುದ್ದೀರ ತಂಗಿಯನ್ನು ಹೂವಿನ ಹಾಗೆ ಎತ್ತಿಕೊಂಡು ನೆಟ್ಟಗೆ ಠಾಣೆಗೆ ನಡೆದ. ಅವಳ ಗಂಡ ಬೊಬ್ಬೆ ಹಾಕುತ್ತಾ ಹಿಂದೆ ಓಡಿದ. ಠಾಣೆ ಮೆಟ್ಟಿಲಲ್ಲೇ ಸಾಕಿಗೆ ನೋವು ಬಂತು.

ಇಂಜಿನಿಯರೂ ಕಂಟ್ರಾಕ್ಟರೂ ಆಗಲೇ ಜಾಮೀನು ಪಡೆದು ಮನೆ ಸೇರಿದ್ದರು. ಲಾಕಪ್ಪು ಖಾಲಿಯಿತ್ತು. ದಫೇದಾರರ ಹೆಂಡತಿ ಓಡಿಬಂದು, ಗಂಡಸರನ್ನೆಲ್ಲ ಆಚೆ ಅಟ್ಟಿ, ಅಲ್ಲೇ ಚಾಪೆ ಹಾಸಿದಳು.

ಸುದ್ದಿ ಕೇಳಿ ಚಿಕ್ಕತಾಯವ್ವ ಪೊರಕೆ ಹಿಡಿದೇ ಬಂದಳು. ಮಗನ ಬೆನ್ನಿಗೆ ಇನ್ನೇನು ಬೀಳಬೇಕು, ಒಳಗಿಂದ ಕೂಸು ಅತ್ತಿತು. ಗಂಡು ಕೂಸು, ದುಂಡಗಿತ್ತು. ತಾಯಿ ಸುಖವಾಗಿದ್ದಳು. ಅವ್ವನ ಪೊರಕೆ ಕೈಜಾರಿತು. ತಾನಿರುವ ಕಡೆಯೇ ತವರು ಬಿಡು ಅಂದುಕೊಂಡು, ಮೊಮ್ಮಗನನ್ನು ಮಡಿಲಿಗೆ ಹಾಕಿಕೊಂಡು ನಕ್ಕಳು. ಊರು ಚಪ್ಪಾಳೆ ತಟ್ಟಿತು. ರಂಗಶಾಮಿ ಬೂಂದಿ ತಂದ.

ಮುದ್ದೀರ ಒಳಗೆ ಇಣುಕಿ ಕೂಸನ್ನೇ ನೋಡಿದ. ಬಹಳ ಹೊತ್ತು ಯೋಚನೆ ಮಾಡಿದ. ಆಮೇಲೆ ಆ ಪುಟ್ಟ ರಟ್ಟೆಯನ್ನು ಎರಡು ಬೆರಳಲ್ಲಿ ಮೆತ್ತಗೆ ಹಿಡಿದು ದಫೇದಾರರನ್ನು ಕೂಗಿದ.

"ಸ್ವಾಮಿ, ಇವನೂ ಸೇತುವೆ ದಾಟೇ ಬಂದೋನು. ಬಚ್ಚಿಟ್ಕೊಂಡಿದ್ದ. ಇವನನ್ನೂ ಬರ್ಕೊಳ್ಳಿ."