ಹತ್ತು ಸಾವಿರದ ಏಳು ಎಲೆ

"ಗುರುಗಳೇ, ಗಣಿತ ಎಂದೂ ಸುಳ್ಳು ಹೇಳುವುದಿಲ್ಲ. ಅದನ್ನು ಚೆನ್ನಾಗಿ ಕಲಿತವನಿಂದ ಅನ್ಯಾಯ ನಡೆಯಲು ಹೇಗೆ ಸಾಧ್ಯ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಮಗ ಕಾಯಿಲೆಯಿಂದ ಎದ್ದರೆ ಬಂದ ಬಡವರಿಗೆಲ್ಲ ಅನ್ನ ಹಾಕುತ್ತೇನೆಂದು ಹರಕೆ ಹೊತ್ತ. ಸಾಲದೆಂದು ತನ್ನವೇ ಒಂದಿಷ್ಟು ನಿಯಮಗಳನ್ನೂ ಸೇರಿಸಿದ. ಎಲ್ಲರೂ ಒಟ್ಟಿಗೆ ಕೂರಬೇಕು, ಪಂಕ್ತಿಗಳೆಲ್ಲ ಸಮನಾಗಿರಬೇಕು, ಒಂದು ಎಲೆಯೂ ಖಾಲಿ ಉಳಿಯಬಾರದು. ದೇವರು ಇದನ್ನೇನೂ ಕೇಳಿರಲಿಲ್ಲ. ಮಗ ಎದ್ದು ಓಡಾಡಿದ. ಊಟದ ದಿನ ಬಯಲಿನ ತುಂಬ ಜನ ಸೇರಿದರು. ಪಂಕ್ತಿ ಹಾಕಿಸುವ ಕೆಲಸವನ್ನು ವರ್ತಕ ಒಬ್ಬ ಗಣಿತ ಪಂಡಿತನಿಗೆ ಒಪ್ಪಿಸಿದ.

ಪಂಡಿತ ಎಣಿಸಿದ. ಹತ್ತು ಸಾವಿರದ ಏಳು ಜನ. ಅವನ ಮುಖ ಅರಳಿತು. ಇಂಥವರಿಗೆ ಇಂಥ ಸಂಖ್ಯೆ ಸಿಕ್ಕರೆ ಹಬ್ಬ. ಎದುರಿಗಿರುವ ಹೊಟ್ಟೆಗಳು ಕಾಣುವುದಿಲ್ಲ.

"ಇದು ಅವಿಭಾಜ್ಯ ಸಂಖ್ಯೆ" ಎಂದ. "ಒಂದು ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಸಮನಾಗಿ ಕೂರಿಸಬೇಕೆಂದರೆ ಎಲ್ಲರಿಗೂ ಸೇರಿ ಒಂದೇ ಸಾಲು. ಅದು ನದಿ ದಾಟಿ ಹೋಗುತ್ತದೆ. ಇಬ್ಬರನ್ನು ಕಳಿಸಿಬಿಡಿ. ಆಗ ಎಂಬತ್ತೇಳು ಪಂಕ್ತಿ, ಪಂಕ್ತಿಗೆ ನೂರ ಹದಿನೈದು ಎಲೆ. ಅಚ್ಚುಕಟ್ಟು."

ಕೊನೆಗೆ ಬಂದವರು ಒಬ್ಬ ಕುರುಡ ಮುದುಕ ಮತ್ತು ಅವನ ಕೈಹಿಡಿದು ಕರೆತಂದ ಮೊಮ್ಮಗಳು. ಹಲವು ದಿನಗಳಿಂದ ಅವರ ಹೊಟ್ಟೆಗೆ ನೀರು ಬಿಟ್ಟು ಏನೂ ಬಿದ್ದಿರಲಿಲ್ಲ. ಹೊರಡಿ ಎಂದಾಗ ಮುದುಕ ಕೈಮುಗಿದ.

"ನಮ್ಮಿಬ್ರಿಗೂ ಒಂದೇ ಎಲೆ ಸಾಕು ಬುದ್ಧೀ. ಅದ್ರಲ್ಲೇ ಹಂಚ್ಕೊಂಡು ಉಣ್ತೀವಿ."

ಪಂಡಿತ ಅದನ್ನೂ ಲೆಕ್ಕ ಹಾಕಿದ. "ಆಗ ಹತ್ತು ಸಾವಿರದ ಆರು ಎಲೆ. ಅದನ್ನು ಎರಡು ಪಂಕ್ತಿ ಮಾಡಬಹುದು, ಇಲ್ಲವೇ ಎರಡೆರಡು ಎಲೆಯ ಸಾಲು ಹಾಕಬಹುದು, ಅಷ್ಟೇ. ಅಷ್ಟು ಉದ್ದದ ಬಯಲು ನಮ್ಮಲ್ಲಿಲ್ಲ." ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಇಬ್ಬರನ್ನೂ ಹೊರಗೆ ಹಾಕಿದರು. ಒಳಗೆ ಊಟ ಚೆನ್ನಾಗಿಯೇ ನಡೆಯಿತು. ವರ್ತಕ ಪಂಡಿತನಿಗೆ ಶಾಲು ಹೊದಿಸಿದ. ಆ ಸಂಜೆ ಮುದುಕ ನದಿಯ ದಂಡೆಯಲ್ಲಿ ಸತ್ತ. ಎಂಜಲೆಲೆ ಎಸೆಯಲು ಬಂದವರಿಗೆ ಪಕ್ಕದಲ್ಲಿ ಕೂತಿದ್ದ ಹುಡುಗಿ ಕಂಡಳು.

ಶಿಷ್ಯ ಕತೆ ಕೇಳುತ್ತಲೇ ಮರಳಿನ ಮೇಲೆ ಭಾಗಾಕಾರ ಮಾಡುತ್ತಿದ್ದ. ಈಗ ತಲೆಯೆತ್ತಿದ.

"ಗುರುಗಳೇ, ಯಾರನ್ನೂ ಕಳಿಸಬೇಕಾಗಿಯೇ ಇರಲಿಲ್ಲ! ಒಬ್ಬನನ್ನು ಸೇರಿಸಿದ್ದರೆ ಹತ್ತು ಸಾವಿರದ ಎಂಟು. ಎಪ್ಪತ್ತೆರಡು ಪಂಕ್ತಿ, ಪಂಕ್ತಿಗೆ ನೂರ ಮೂವತ್ತೊಂಬತ್ತು ಎಲೆ. ಅಂಥ ಪಂಡಿತನಿಗೆ ಇಷ್ಟು ಗೊತ್ತಾಗಲಿಲ್ಲವೇ?"

"ಗೊತ್ತಿತ್ತು" ಎಂದರು ಗುರುಗಳು, "ಆ ಒಂದು ಎಲೆಯ ಮುಂದೆ, ಆ ಬಡವರ ನಡುವೆ, ತಾನೇ ಕೂರಬೇಕಾಗುತ್ತದೆ ಎಂಬುದೂ ಗೊತ್ತಿತ್ತು."