ದೀಪ ಆರಿದ ಕಾರು

"ಬುದ್ಧಿ, ನನ್ನ ಮನಸ್ಸು ಶುದ್ಧವಾಯಿತೆಂದು ನನಗೆ ಗೊತ್ತಾಗುವುದು ಹೇಗೆ?" ಎಂದು ಶಿಷ್ಯ ಚನ್ನವೀರ ಗುರುಗಳನ್ನು ಕೇಳಿದ.

ಮಠದ ದಾಸೋಹದಲ್ಲಿ ಬಡಿಸುವುದು ಅವನ ಕೆಲಸವಾಗಿತ್ತು. ಎರಡನೆಯ ಸಲ ಅನ್ನ ಕೇಳಿದ ಅಜ್ಜನೊಬ್ಬನನ್ನು ಒಮ್ಮೆ ಬೈದು ಎಬ್ಬಿಸಿದ್ದ. ಆಮೇಲೆ ನಾಚಿಕೆಯಾಗಿ ಸೌಟು ಕೆಳಗಿಟ್ಟ. ಇಪ್ಪತ್ತೊಂದು ದಿನ ಸಿಟ್ಟು ಬಾರದಿದ್ದರೆ ಮಾತ್ರ ಮತ್ತೆ ಮುಟ್ಟುವೆನೆಂದು ಕೋಣೆ ಸೇರಿದ. ಸೊಳ್ಳೆ ಕಚ್ಚಿ ಸಿಟ್ಟು ಬಂದರೂ ಎಣಿಕೆ ಮೊದಲಿನಿಂದ. ಹೀಗೆ ನಾಲ್ಕು ತಿಂಗಳಾಗಿತ್ತು. ಬಡಿಸುವ ಆಸೆ ಮಾತ್ರ ಹೋಗಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಚಾಲಕನಿದ್ದ. ಬಾಡಿಗೆ ಕಾರೇ ಅವನ ಅನ್ನ. ಒಂದು ದಿನ ಕಾರಿನಲ್ಲಿ ಎಂಜಿನ್ ದೋಷದ ದೀಪ ಹೊತ್ತಿತು. ಹೊಗೆ ತಪಾಸಣೆಗೆ ವಾರವಷ್ಟೇ ಉಳಿದಿತ್ತು. ಅದರಲ್ಲಿ ಪಾಸಾಗದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ. ಮೆಕ್ಯಾನಿಕ್ ಕೆಟ್ಟ ಭಾಗ ಬದಲಿಸಿ, ಕಾರಿನ ಕಂಪ್ಯೂಟರಿನಲ್ಲಿದ್ದ ದೋಷದ ದಾಖಲೆ ಅಳಿಸಿದ. ದೀಪ ಆರಿತು. ಚಾಲಕ ಅಲ್ಲಿಂದ ನೇರವಾಗಿ ತಪಾಸಣೆಗೆ ಹೋದ. ಅಲ್ಲಿಯವನು ಕಾರಿನ ಕಂಪ್ಯೂಟರಿಗೆ ತಂತಿ ಚುಚ್ಚಿ ನೋಡಿ, "ತಪ್ಪೇನೂ ಇಲ್ಲ. ಆದರೆ ಕಾರು ಇನ್ನೂ ತಪಾಸಣೆಗೆ ಸಿದ್ಧವಿಲ್ಲ ಅಂತ ತೋರಿಸ್ತಿದೆ. ಆಮೇಲೆ ಬನ್ನಿ" ಎಂದ.

ಆತುರಗಾರನಿಗೆ ಬುದ್ಧಿ ಮಟ್ಟ. ಎಲ್ಲೋ ಚೂರು ಕೊಳೆ ಉಳಿದಿರಬೇಕೆಂದುಕೊಂಡು ಚಾಲಕ ಬ್ಯಾಟರಿಯ ತಂತಿ ಕಳಚಿ ಮತ್ತೆ ಎಲ್ಲವನ್ನೂ ಅಳಿಸಿದ. ಓಡಿಸಿದರೆ ದೀಪ ಹೊತ್ತೀತೆಂದು ಹೆದರಿ ಕಾರನ್ನು ಬಾಡಿಗೆಗೂ ತೆಗೆಯಲಿಲ್ಲ. ಮರುದಿನ ತಪಾಸಣೆಯಲ್ಲಿ ಅದೇ ಮಾತು. ಮತ್ತೆ ಅಳಿಸಿದ, ಮತ್ತೆ ಅದೇ ಮಾತು. ಗಡುವಿಗೆ ಮೂರು ದಿನವಿದ್ದಾಗ ಅಳುಮುಖ ಮಾಡಿಕೊಂಡು ಮೆಕ್ಯಾನಿಕ್ ಬಳಿಗೆ ಬಂದ.

ಮೆಕ್ಯಾನಿಕ್ ನಕ್ಕುಬಿಟ್ಟ. "ಅಣ್ಣಾ, ನೀನು ಅಳಿಸಿದಾಗೆಲ್ಲ ತಪ್ಪಿನ ಜೊತೆ ಕಾರು ಸರಿಯಾಗಿ ಓಡಿದ ದಾಖಲೆಯೂ ಅಳಿಸಿಹೋಯ್ತು. ಕಾರು ಓಡ್ತಾ ಓಡ್ತಾನೇ ತನ್ನನ್ನ ತಾನು ಪರೀಕ್ಷೆ ಮಾಡ್ಕೊಳ್ಳೋದು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡು. ಸಂತೆ ಬೀದಿಯಲ್ಲಿ ನಿಂತು ನಿಂತು ಹೋಗು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡ್ಸು. ಅಳಿಸೋದು ಮಾತ್ರ ಬಿಡು."

"ದೀಪ ಮತ್ತೆ ಹೊತ್ತಿದರೆ?"

"ಹೊತ್ತಲಿ. ಎಲ್ಲಿ ರಿಪೇರಿ ಮಾಡ್ಬೇಕು ಅಂತ ಗೊತ್ತಾಗುತ್ತೆ."

ಚಾಲಕ ಎದೆ ಗಟ್ಟಿ ಮಾಡಿಕೊಂಡು ಕಾರು ಹೊರಗೆ ತೆಗೆದ. ಮೊದಲ ದಿನ ರಸ್ತೆಗಿಂತ ಹೆಚ್ಚಾಗಿ ದೀಪವನ್ನೇ ನೋಡಿದ. ಎರಡನೆಯ ದಿನ ಅದು ಮರೆತೇಹೋಯಿತು. ಗಡುವಿನ ದಿನ ತಪಾಸಣೆಯವನು ತಂತಿ ಚುಚ್ಚಿ ನೋಡಿ ಪತ್ರಕ್ಕೆ ಮುದ್ರೆ ಒತ್ತಿದ.

ಕತೆ ಮುಗಿಯಿತು. ಹೊರಗೆ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಚನ್ನವೀರ ತಲೆ ತಗ್ಗಿಸಿ, "ಹಾಗಾದರೆ ನನ್ನ ಇಪ್ಪತ್ತೊಂದು ದಿನ, ಬುದ್ಧಿ?" ಎಂದ.

ಗುರುಗಳು ಸೌಟನ್ನು ಅವನ ಕೈಗಿತ್ತರು.

"ನೀನು ಬೈದ ಅಜ್ಜ ಇವತ್ತೂ ಬಂದು ಕೂತಿದ್ದಾನೆ, ಎರಡನೆಯ ಸಲವೂ ಕೇಳುತ್ತಾನೆ, ಹೋಗಿ ಬಡಿಸು."