ಮೆಜೂಜಾ ಇಲ್ಲದ ಬಾಗಿಲು

"ಗುರುಗಳೇ, ಕಟ್ಟಳೆಯಲ್ಲಿ ಕೂದಲೆಳೆಯಷ್ಟೂ ತಪ್ಪಬಾರದು ಅಂತೀರಿ. ಜನರ ಜೊತೆ ಮೃದುವಾಗಿರು ಅಂತಲೂ ಹೇಳುತ್ತೀರಿ. ಒಂದನ್ನು ಬಿಗಿ ಹಿಡಿದರೆ ಇನ್ನೊಂದು ಕೈ ಜಾರುತ್ತದೆ. ನಾನೇನು ಮಾಡಲಿ?" ಎಂದು ಶಿಷ್ಯ ಎಲ್ಯಾಕೀಮ್ ರಬ್ಬಿಯನ್ನು ಕೇಳಿದ.

ರಬ್ಬಿ ಒಂದು ಕತೆ ಹೇಳಿದರು.

ಒಬ್ಬ ಯೆಹೂದಿ ವ್ಯಾಪಾರಿ. ಕಟ್ಟಳೆ ಎಂದರೆ ಅವನಿಗೆ ಪ್ರಾಣ. ಹಾಲು, ಮಾಂಸ ಒಂದಕ್ಕೊಂದು ತಾಗಬಾರದೆಂಬುದು ಕಟ್ಟಳೆ; ಹಾಲಿನ ಚಮಚ ಮಾಂಸದ ಪಾತ್ರೆಯ ಹತ್ತಿರ ಕಂಡರೆ ಸಾಕು, ಸೂರು ಹಾರಿಹೋಗುವಂತೆ ಕೂಗಾಡುವನು. ಶುಕ್ರವಾರ ಹೊತ್ತು ಇಳಿಯುತ್ತಿದ್ದರೆ, ವಿಶ್ರಾಂತಿಯ ದಿನವಾದ ಸಬ್ಬತ್ತಿನ ದೀಪ ಹಚ್ಚಲು ತಡವಾದೀತೆಂದು ಹೆಂಡತಿಯ ಬೆನ್ನ ಹಿಂದೆಯೇ ನಿಂತು ಗದರುವನು. ಕೂಗಿದ ಮೇಲೂ ನೆಮ್ಮದಿಯಿಲ್ಲ. ಎಲ್ಲೋ ಏನೋ ತಪ್ಪಿತೇ ಎಂಬ ಅಳುಕು.

ಅವನ ಬಾಗಿಲ ಚೌಕಟ್ಟಿನಲ್ಲಿ ಮೆಜೂಜಾ ಇತ್ತು: ದೇವವಾಕ್ಯ ಬರೆದ ತೊಗಲಿನ ಸುರುಳಿ, ಅದಕ್ಕೊಂದು ತಗಡಿನ ಕವಚ. ಒಳಗೆ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುವನು. ಉಂಗುರ ತಾಗಿ ಟಕ್ ಎನ್ನುವುದು.

ಹೀಗಿರಲು ಅವನ ಪುಟ್ಟ ಮಗಳು ಯಾಯೇಲ್ ಮಾತು ಬಿಟ್ಟಳು. ಏನು ಕೇಳಿದರೂ ತಲೆಯಾಡಿಸುವಳು, ಅಷ್ಟೆ. ಮೆಜೂಜಾದ ಅಕ್ಷರ ಮಾಸಿರಬೇಕು, ಅದಕ್ಕೇ ಮನೆಗೆ ಕಾವಲಿಲ್ಲ ಎಂದುಕೊಂಡ ವ್ಯಾಪಾರಿ. ಹೆಂಡತಿ ಏನೋ ಹೇಳಬಂದಳು. ಅವನ ಮುಖ ನೋಡಿ ಒಲೆಯ ಕಡೆ ತಿರುಗಿದಳು. ಅವನು ಕವಚ ಕಿತ್ತುಕೊಂಡು ಲಿಪಿಕಾರನ ಬಳಿಗೆ ಓಡಿದ.

ಲಿಪಿಕಾರ ಸುರುಳಿ ಬಿಚ್ಚಿ ಒಂದೊಂದೇ ಅಕ್ಷರದ ಮೇಲೆ ಕಣ್ಣಾಡಿಸಿದ. ವ್ಯಾಪಾರಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಸರಿಯಾಗಿ ನೋಡು ಮಾರಾಯ, ಎಲ್ಲೋ ಒಂದು ಅಕ್ಷರದ ಬಾಲವಾದರೂ ಅಳಿಸಿರಬೇಕು."

"ಏನೂ ಅಳಿಸಿಲ್ಲ ಸ್ವಾಮಿ. ನಿಮ್ಮ ಸಮಾಧಾನಕ್ಕೆ ನಾನೇ ಒಂದನ್ನು ಕೆಡಿಸಿಕೊಡಲೇ?"

ದೋಷವಿಲ್ಲವೆಂದು ತಿಳಿದ ಮೇಲೆ ಅವನ ಭಯ ಇಮ್ಮಡಿಯಾಯಿತು. ಸುರುಳಿಯನ್ನು ಎದೆಗೊತ್ತಿಕೊಂಡು ಮನೆಗೆ ಬಂದ. ಚೌಕಟ್ಟು ಬರಿದಾಗಿತ್ತು. ಮುಟ್ಟಲು ಏನೂ ಇರಲಿಲ್ಲ, ಸದ್ದೂ ಆಗಲಿಲ್ಲ; ಅವನು ಬಂದದ್ದು ಒಳಗಿದ್ದವರಿಗೆ ತಿಳಿಯಲಿಲ್ಲ.

ಒಳಗೆ ಮಗಳ ದನಿ! ಹಿಟ್ಟು ನಾದುತ್ತಿದ್ದ ತಾಯಿಗೆ ಅವಳು ಪಕ್ಕದ ಮನೆಯ ಬೆಕ್ಕಿನ ಸುದ್ದಿ ಹೇಳುತ್ತಿದ್ದಳು, ಒಂದೇ ಸಮನೆ, ನಗುತ್ತ.

"ಆಮೇಲೆ ಅಮ್ಮಾ, ಆ ಬೆಕ್ಕು..."

ತಲೆಯೆತ್ತಿದಳು. ಅಪ್ಪನನ್ನು ಕಂಡಳು. ಮಾತು ಅಲ್ಲೇ ನಿಂತಿತು.

ಶಿಷ್ಯ ತಡೆಯಲಾರದೆ ಕೇಳಿದ: "ಹಾಗಾದರೆ ಅವನು ಮೆಜೂಜಾವನ್ನು ಮತ್ತೆ ಬಡಿಯಬೇಕೋ, ಬೇಡವೋ?"

"ಬಡಿಯಲೇಬೇಕು," ಎಂದರು ರಬ್ಬಿ, "ಆದರೆ ಟಕ್ ಎಂದೊಡನೆ ಮಗಳು ಬಾಗಿಲಿಗೆ ಓಡಿ ಬರುವ ತನಕ, ಕಟ್ಟಳೆ ಪೂರೈಸಿತು ಎಂದುಕೊಳ್ಳಬಾರದು."